ಸ್ಪಷ್ಟನೆ: ಹೋಟೆಲ್ ಮುಚ್ಚಿಸಿ ಎಂದು ನಾವು ಕೇಳಿಲ್ಲ

ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತಿದೆ: "ಬಡಾವಣೆಯವರು ಫಾಸ್ಟ್ ಫುಡ್ ಹೋಟೆಲ್ ಮುಚ್ಚಿಸಲು ಹೊರಟಿದ್ದಾರೆ. ಸರ್ಕಾರವೇ 24 ಗಂಟೆ ತೆರೆಯಲು ಬಿಟ್ಟಿರುವಾಗ ಇವರದೇನು ತಕರಾರು? ನಾಳೆ ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿ ಅಂಗಡಿಗೂ ಕಲ್ಲು ಹಾಕುತ್ತಾರೆ."

ಇದು ಸುಳ್ಳು. ಪಾಲಿಕೆಗೆ ಕೊಟ್ಟ ಮನವಿಯಲ್ಲಿ ಕೇಳಿದ್ದು ಇಷ್ಟೇ: ರಾತ್ರಿ 11ರ ನಂತರ ವ್ಯಾಪಾರ ಬೇಡ, ಅಡುಗೆಮನೆಯ ಹೊಗೆ ಕೊಳವೆಯನ್ನು ಮನೆಗಳ ಕಡೆಯಿಂದ ತಿರುಗಿಸಿ. ಆ ಎಕ್ಸಾಸ್ಟ್ ಫ್ಯಾನು ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ನೇರ ಇದೆ. ಕರಿದೆಣ್ಣೆಯ ಜಿಡ್ಡು ಸೊಳ್ಳೆ ಜಾಲರಿಗೆ ಮೆತ್ತಿಕೊಂಡು ಕಪ್ಪಗಾಗಿದೆ. ಆ ಮನೆಯ ಅಜ್ಜಿ ಬೇಸಿಗೆಯ ಸೆಖೆಯಲ್ಲೂ ಕಿಟಕಿ ತೆರೆಯುವಂತಿಲ್ಲ. ನಡುರಾತ್ರಿ ಎರಡಕ್ಕೂ ಬೈಕುಗಳ ಹಾರನ್ನು, ಪಾರ್ಸಲ್‌ಗಾಗಿ ಕೂಗಾಟ.

ಇನ್ನು ಸರ್ಕಾರದ ಆದೇಶ. 10 ಅಥವಾ ಹೆಚ್ಚು ನೌಕರರಿರುವ ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೆ 24 ಗಂಟೆ ತೆರೆಯಲು 2021ರ ಜನವರಿಯ ಅಧಿಸೂಚನೆ ಅವಕಾಶ ಕೊಟ್ಟದ್ದು ನಿಜ. ಆದರೆ ಅದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬಂದದ್ದು. ಅದರಿಂದ ಪಾಲಿಕೆಯ ಟ್ರೇಡ್ ಲೈಸೆನ್ಸ್ ಷರತ್ತಾಗಲಿ, ಶಬ್ದದ ಮಿತಿಯಾಗಲಿ ರದ್ದಾಗಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಇಬ್ಬರು ಎದುರುಬದುರು ಕೂತು ಮಾತಾಡಿದರೇ ಅದಕ್ಕಿಂತ ಜಾಸ್ತಿಯಾಗುತ್ತದೆ. ಆ ಹೊತ್ತಿನಲ್ಲಿ ಹಾರನ್ ಹೊಡೆಯುವುದಕ್ಕೂ ನಿಷೇಧವಿದೆ.

ಮಂಡಕ್ಕಿ-ಮಿರ್ಚಿಯ ಮಾತು ಮಾತ್ರ ಬಹಳ ನೋವು ಕೊಟ್ಟಿತು. ನಾವೂ ಅದನ್ನೇ ತಿಂದು ಬೆಳೆದವರು. ಸಂಜೆಯ ಗಾಡಿಯವರ ವಿರುದ್ಧ ಮನವಿಯಲ್ಲಿ ಒಂದಕ್ಷರವೂ ಇಲ್ಲ. ಅನುಮಾನವಿದ್ದವರು ಸಹಿ ಹಾಕಿದ ಯಾರ ಮನೆಗೆ ಬಂದರೂ ಪ್ರತಿ ತೋರಿಸುತ್ತೇವೆ.