ಅಮ್ಮನಿಗೆ ಸಿಟ್ಟು ಬರುತ್ತಿತ್ತು ಅಂತಲೂ ಬರೆಯಿರಿ

ಅಮ್ಮ ತೀರಿಕೊಂಡ ಮೇಲೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದ ಸಂದೇಶಗಳನ್ನೆಲ್ಲ ಓದಿದೆ. ಬರೆದವರೆಲ್ಲ ಅವಳನ್ನು ಬಲ್ಲವರೇ, ಹಚ್ಚಿಕೊಂಡವರೇ. ಆದರೂ ಹೆಸರೊಂದನ್ನು ಅಳಿಸಿಬಿಟ್ಟರೆ ಅದು ಯಾರ ಅಮ್ಮನ ಬಗ್ಗೆ ಬರೆದದ್ದು ಅಂತ ಹೇಳಲು ಆಗುತ್ತಿರಲಿಲ್ಲ. ಮಕ್ಕಳಿಗಾಗಿಯೇ ಬದುಕಿದವರು. ತಮಗಾಗಿ ಏನನ್ನೂ ಬಯಸದವರು. ಯಾರಿಗೂ ಒಂದು ಗಟ್ಟಿ ಮಾತು ಆಡದವರು.

ಮೂರನೆಯದು ಶುದ್ಧ ಸುಳ್ಳು. ಎರಡನೆಯದೂ ನಿಜವಲ್ಲ. ಅಮ್ಮನಿಗೆ ಬೇಕಾದದ್ದು ಬೇಕಾದಷ್ಟಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬೇಕಿತ್ತು. ಮಧ್ಯಾಹ್ನ ಅರ್ಧ ಗಂಟೆ ಯಾರೂ ಕರೆಯದೆ ಮಲಗಬೇಕಿತ್ತು. ಪತ್ತೇದಾರಿ ಕಾದಂಬರಿ ಬೇಕಿತ್ತು. ಅದರ ಕೊನೆಯ ಪುಟಗಳನ್ನು ಮೊದಲೇ ಓದಿಬಿಡುತ್ತಿದ್ದಳು. "ಕೊಲೆ ಮಾಡಿದ್ದು ಯಾರು ಅಂತ ಗೊತ್ತಾದ್ರೆ ನೆಮ್ಮದಿಯಾಗಿ ಓದಬಹುದು" ಅನ್ನುವುದು ಅವಳ ವಾದ. ಅವಳಿಗೆ ಕಂಡರಾಗದವರ ಪಟ್ಟಿಯೂ ಒಂದಿತ್ತು. ಅದರಲ್ಲಿದ್ದ ಒಬ್ಬಿಬ್ಬರು ಅದೇ ಗ್ರೂಪಿನಲ್ಲಿ ಉದ್ದುದ್ದ ಬರೆದಿದ್ದಾರೆ. ಅವರಿಗೆ ಗೊತ್ತಿಲ್ಲ, ಇರಲಿ ಬಿಡಿ.

ನನ್ನ ತಕರಾರು ಅವರ ಮೇಲಲ್ಲ. ಹೋದ ತಾಯಂದಿರನ್ನೆಲ್ಲ ನಾವು ತಕ್ಷಣ ದೇವರು ಮಾಡಿಬಿಡುತ್ತೇವಲ್ಲ, ಅದರ ಮೇಲೆ. ದೇವರಿಗೆ ಸುಸ್ತಾಗುವುದಿಲ್ಲ. ದೇವರು ಏನನ್ನೂ ಕಲಿಯಬೇಕಾಗಿಲ್ಲ, ಲೆಕ್ಕ ಇಡಬೇಕಾಗಿಲ್ಲ, ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಹಾಗಾಗಿ ಅವಳು ಮಾಡಿದ ಕೆಲಸದ ಮಾತು ಅಲ್ಲಿಗೇ ಮುಗಿದುಹೋಗುತ್ತದೆ.

ಅಮ್ಮ ಒಂದು ನೋಟ್‌ಬುಕ್ ಇಟ್ಟಿದ್ದಳು. ಪ್ರತಿ ಹಾಳೆಯ ಮಧ್ಯೆ ಒಂದು ಗೆರೆ. ಎಡಗಡೆ ಅಣ್ಣ, ಬಲಗಡೆ ನಾನು. ಜ್ವರ ಎಷ್ಟು ಗಂಟೆಗೆ ನೋಡಿದ್ದು, ಎಷ್ಟು ಡಿಗ್ರಿ ಇತ್ತು, ಯಾವ ಔಷಧಿ ಎಷ್ಟು ಚಮಚ ಕೊಟ್ಟಿದ್ದು, ವಾಂತಿ ಆಯಿತೋ ಇಲ್ಲವೋ. ರಾತ್ರಿ ಎರಡೂವರೆಯ ಸಾಲಿನಲ್ಲಿ ಅಕ್ಷರ ಸೊಟ್ಟ, ಕೆಲವು ಕಡೆ ಗೆರೆ ದಾಟಿ ಅಣ್ಣನ ಜ್ವರ ನನ್ನ ಕಡೆಗೆ ಬಂದಿದೆ. ಬೆಳಗಿನ ಸಾಲು ಮತ್ತೆ ನೆಟ್ಟಗೆ. ಒಂದು ಪುಟದಲ್ಲಿ ಒಂದು ಔಷಧಿಯ ಹೆಸರಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದಾಳೆ. ಪಕ್ಕದಲ್ಲಿ: ಮೈಯೆಲ್ಲ ದದ್ದು, ಇನ್ನು ಬೇಡವೇ ಬೇಡ.

ನಾನು ದೊಡ್ಡವಳಾದ ಮೇಲೆ ಒಂದು ಆಪರೇಷನ್ ಆಗಬೇಕಿತ್ತು. ಯಾವುದಾದರೂ ಔಷಧಿ ಮೈಗೆ ಆಗಲ್ವಾ ಅಂತ ಡಾಕ್ಟರ್ ಕೇಳಿದರು. ಅಮ್ಮನಿಗೆ ಫೋನ್ ಮಾಡಿದೆ. ಅವಳು ನೋಟ್‌ಬುಕ್ ಹುಡುಕಲು ಹೋಗಲೇ ಇಲ್ಲ. ಔಷಧಿಯ ಹೆಸರು, ಆಗ ನನಗೆ ಎಷ್ಟು ವಯಸ್ಸು, ದದ್ದು ಮೊದಲು ಎಲ್ಲಿ ಕಾಣಿಸಿತು, ಎಲ್ಲ ಗಡಗಡ ಹೇಳಿದಳು. ಹೇಳಿ ಮುಗಿಸಿ, "ಬರ್ಕೊಂಡ್ಯಾ? ವಾಪಸ್ ಓದು" ಅಂದಳು. ಓದಿಸಿಯೇ ಫೋನ್ ಇಟ್ಟಿದ್ದು.

ಇಂಥ ಕೆಲಸವನ್ನು ಲೆಕ್ಕ ಹಾಕಿದವರಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಒಂದು ವರದಿ ತಂದಿತು. 64 ದೇಶಗಳ ಅಂಕಿಅಂಶ ನೋಡಿದಾಗ, ಸಂಬಳವಿಲ್ಲದೆ ಮನೆಗೆಲಸ, ಮಕ್ಕಳ, ಹಿರಿಯರ ಆರೈಕೆಯಲ್ಲಿ ದಿನಕ್ಕೆ 1,640 ಕೋಟಿ ಗಂಟೆ ಹೋಗುತ್ತಿತ್ತು. ಅಂದರೆ 200 ಕೋಟಿ ಜನ ದಿನಾ ಎಂಟು ಗಂಟೆ ಬಿಟ್ಟಿ ದುಡಿದಷ್ಟು. ಅದರಲ್ಲಿ ಮುಕ್ಕಾಲು ಪಾಲು ಹೆಂಗಸರದ್ದು. ದೊಡ್ಡ ಸಂಖ್ಯೆಯೇ. ಆದರೆ ನನಗೆ ಅದೂ ಕಡಿಮೆ ಅನ್ನಿಸುತ್ತದೆ. ದದ್ದಿನ ಆ ಸಾಲು ಬರೆಯಲು ಅಮ್ಮನಿಗೆ ಹಿಡಿದದ್ದು ಅರ್ಧ ನಿಮಿಷ ಇರಬಹುದು. ಅದನ್ನು ತಲೆಯಲ್ಲಿ ಅಷ್ಟು ವರ್ಷ ಹೊತ್ತುಕೊಂಡಿದ್ದದ್ದು ಯಾವ ಗಂಟೆಯ ಲೆಕ್ಕಕ್ಕೆ ಬರುತ್ತದೆ?

ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಅಮ್ಮನದು ಜೋರು ಸಿಟ್ಟು. ಹೇಳಿದ ಹೊತ್ತಿಗೆ ಮನೆ ಸೇರದಿದ್ದರೆ ಬಾಗಿಲಲ್ಲೇ ವಿಚಾರಣೆ. ಬೈದು ಮುಗಿದ ಮೇಲೂ ಪಾತ್ರೆಗಳ ಸದ್ದಿನಲ್ಲಿ ಬೈಗುಳ ಮುಂದುವರಿಯುತ್ತಿತ್ತು. ಕ್ಷಮೆ ಕೇಳುವುದು ಗೊತ್ತಿರಲಿಲ್ಲ. ತನ್ನದೇ ತಪ್ಪು ಅಂತ ಗೊತ್ತಾದ ದಿನ ಬಂದು ನಮ್ಮ ಪುಸ್ತಕಗಳಿಗೆ ಬೈಂಡು ಹಾಕಿಕೊಡುತ್ತಿದ್ದಳು. ಮಾತಿಲ್ಲ.

ಅದೇ ಹೆಂಗಸು ಅಜ್ಜಿಯಾದಳು ನೋಡಿ! ಅಣ್ಣನ ಮಗಳು ಗೋಡೆ ತುಂಬ ಕ್ರೇಯಾನ್ ಗೀಚಿದಾಗ, ಆನೆಗೆ ಬಾಲ ಮರೆತಿದ್ದೀಯಲ್ಲ ಪುಟ್ಟಿ ಅಂತ ನೆನಪಿಸಿದ್ದು ಇವಳೇ. ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಇದು ಎಲ್ಲ ಮನೆಯ ಕತೆ, ಅಲ್ವಾ? ನಮ್ಮನ್ನು ಸಾಕಿದವಳು ಇವಳೇನಾ ಅಂತ ಕೇಳದ ಮಗ, ಮಗಳು ಯಾರಿದ್ದಾರೆ?

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಜೇಮ್ಸ್ ರಿಲ್ಲಿಂಗ್ ಮತ್ತು ಜೊತೆಗಾರರು 2021ರಲ್ಲಿ 50 ಅಜ್ಜಿಯರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸ್ಕ್ಯಾನರ್ ಒಳಗಿದ್ದಾಗಲೇ ಫೋಟೋ ತೋರಿಸುವುದು: ಮೊಮ್ಮಗುವಿನದು, ಪರಿಚಯವಿಲ್ಲದ ಮಗುವಿನದು, ಆ ಮೊಮ್ಮಗುವಿನ ಅಪ್ಪನದೋ ಅಮ್ಮನದೋ. ಮೊಮ್ಮಗುವಿನ ಫೋಟೋ ಕಂಡಾಗ, ಇನ್ನೊಬ್ಬರ ಭಾವನೆ ತನಗೂ ಆಗುವಂಥ ಮರುಕಕ್ಕೆ ಸಂಬಂಧಿಸಿದ ಭಾಗಗಳು ಚುರುಕಾದವು. ಮಗು ನಕ್ಕರೆ ತಾನೂ ನಗುವುದು, ಅತ್ತರೆ ತನಗೂ ನೋಯುವುದು. ಬೆಳೆದ ಮಗನೋ ಮಗಳೋ ಕಂಡಾಗ ಚುರುಕಾದದ್ದು ಬೇರೆ ಭಾಗಗಳು: ಇವರ ತಲೆಯಲ್ಲಿ ಏನು ಓಡುತ್ತಿದೆ, ಯಾಕೆ ಹೀಗಿದ್ದಾರೆ ಅಂತ ಅಂದಾಜು ಮಾಡುವವು. ಐವತ್ತೇ ಜನರ ಮೇಲೆ ಮಾಡಿದ್ದು, ಇದೇ ಕಡೇ ಮಾತು ಅಂತ ನಾನು ಹೇಳುತ್ತಿಲ್ಲ. ಆದರೂ ಓದಿದಾಗ ನಗು ಬಂತು. ನಾನು ಹೋದಾಗಲೆಲ್ಲ ಅಮ್ಮ ಬಾಗಿಲು ತೆಗೆದು ಮೊದಲು ನನ್ನ ಮಗನನ್ನು ಎತ್ತಿಕೊಂಡು, ಆಮೇಲೆ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡುತ್ತಿದ್ದಳಲ್ಲ, ಆ ನೋಟ ನೆನಪಾಯಿತು. ಒಂದೇ ನೋಟಕ್ಕೆ ತಿಂಗಳಿಡೀ ಆಫೀಸಿನಲ್ಲಿ ಏನೇನಾಗಿದೆ ಅಂತ ತಿಳಿದುಬಿಡುತ್ತಿತ್ತು ಅವಳಿಗೆ.

ಹೆಣ್ಣು ಮುಟ್ಟು ನಿಂತ ಮೇಲೂ ಇಷ್ಟು ವರ್ಷ ಬದುಕುವುದೇ ಪ್ರಾಣಿಲೋಕದಲ್ಲಿ ಅಪರೂಪ. ಓರ್ಕಾದಂಥ ಕೆಲವು ತಿಮಿಂಗಿಲಗಳಲ್ಲಿ ಕಾಣುತ್ತದೆ. ಯಾಕೆ ಹೀಗೆ ಅನ್ನುವುದಕ್ಕೆ ಅಜ್ಜಿಯರನ್ನೇ ಉತ್ತರವಾಗಿ ಕೊಟ್ಟವರಲ್ಲಿ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮುಖ್ಯರು. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಹಣ್ಣು ಆಯ್ದು ಬದುಕುವ ಹಾಡ್ಜಾ ಜನರ ನಡುವೆ ಅವರ ತಂಡ ಕೆಲಸ ಮಾಡಿತು. ಅಲ್ಲಿ ವಯಸ್ಸಾದ ಹೆಂಗಸರು ಗಟ್ಟಿ ನೆಲ ಅಗೆದು ಗೆಡ್ಡೆ ತರುತ್ತಿದ್ದರು. ತಾಯಿಗೆ ಹೊಸ ಕೂಸು ಹುಟ್ಟಿದಾಗ ದೊಡ್ಡ ಮಗುವಿನ ತೂಕ ಏರುವುದು ಅಜ್ಜಿಯ ದುಡಿಮೆಯ ಮೇಲೆ ನಿಂತಿತ್ತು. 2004ರಲ್ಲಿ ಇನ್ನೊಂದು ತಂಡ ಫಿನ್ಲೆಂಡ್ ಮತ್ತು ಕೆನಡಾದ 18, 19ನೇ ಶತಮಾನದ ದಾಖಲೆಗಳನ್ನು ಕೆದಕಿತು. ಹೆಂಗಸೊಬ್ಬಳು 50 ದಾಟಿದ ಮೇಲೆ ಬದುಕಿದ ಪ್ರತಿ 10 ವರ್ಷಕ್ಕೆ ಸರಾಸರಿ ಎರಡು ಮೊಮ್ಮಕ್ಕಳು ಜಾಸ್ತಿ ಇದ್ದರು.

ಇದನ್ನು ಅಮ್ಮನಿಗೆ ಒಮ್ಮೆ ಹೇಳಿದ್ದೆ. "ಇದಕ್ಕೆ ಇಷ್ಟೆಲ್ಲ ಓದಬೇಕಿತ್ತಾ?" ಅಂದಳು.

ಸಂಶೋಧನೆ ಓದಿ ಖುಷಿಯಾಯಿತು, ನಿಜ. ಆದರೆ ಅಲ್ಲೂ ಅಜ್ಜಿ ಅಂದರೆ ಅವಳಿಂದ ಏನು ಉಪಯೋಗವಾಯಿತು ಅಂತಲೇ. ಅದಕ್ಕೇ ನಾನು ಅವಳ ಪತ್ತೇದಾರಿ ಕಾದಂಬರಿಯ ಹುಚ್ಚಿನ ಬಗ್ಗೆಯೂ ಬರೆಯುವುದು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವಳಿಗೆ ಇಷ್ಟವಿತ್ತು, ಅಷ್ಟೇ.

ಇಷ್ಟು ಹಟ ಯಾಕೆ ಅಂತ ಅಣ್ಣ ಕೇಳಿದ. ಹೋದವರ ಬಗ್ಗೆ ಸಿಟ್ಟು, ಜಗಳ ಎಲ್ಲ ಯಾಕೆ ಬರೀತೀಯ ಅಂತ. ಕಾರಣ ನನ್ನ ಮಗ. ಅಮ್ಮ ಹೋದಾಗ ಅವನಿಗಿನ್ನೂ ಎರಡು ತುಂಬಿರಲಿಲ್ಲ. ದೊಡ್ಡವರನ್ನು ಕೇಳಿದರೆ ಅವರ ಮೊಟ್ಟಮೊದಲ ನೆನಪು ಸರಾಸರಿ ಮೂರು, ಮೂರೂವರೆ ವಯಸ್ಸಿನದು. ಅದಕ್ಕಿಂತ ಹಿಂದಿನದು ಹೆಚ್ಚಿನವರಿಗೆ ಉಳಿಯುವುದಿಲ್ಲ. ದಿನವಿಡೀ ಎತ್ತಿಕೊಂಡು ತಿರುಗಿದವಳ ಒಂದು ನೆನಪೂ ಇವನಿಗೆ ಇರುವುದಿಲ್ಲ. ನಾವು ಏನು ಹೇಳುತ್ತೇವೋ ಅದೇ ಅವನ ಅಜ್ಜಿ. ಅಂಥವನ ಕೈಗೆ ಎಲ್ಲರ ಅಜ್ಜಿಗೂ ಹೊಂದುವ ನಾಲ್ಕು ಸಾಲು ಕೊಡುವುದಾ?

ಮಾರ್ಷಲ್ ಡ್ಯೂಕ್, ರಾಬಿನ್ ಫೈವುಶ್ ಅನ್ನುವ ಮನಶ್ಶಾಸ್ತ್ರಜ್ಞರು 20 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದರು. ನಿನ್ನ ಅಪ್ಪ ಅಮ್ಮ ಹೇಗೆ ಭೇಟಿಯಾದರು, ಅಜ್ಜಿ ತಾತ ಎಲ್ಲಿ ಬೆಳೆದರು, ಇಂಥವು. ಉತ್ತರ ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಜಾಸ್ತಿ ಕಂಡಿತು. ಒಂದರಿಂದಲೇ ಇನ್ನೊಂದು ಆಯಿತು ಅಂತಲ್ಲ. ಉತ್ತರ ಗೊತ್ತಿದೆ ಅಂದರೆ ಆ ಮನೆಯಲ್ಲಿ ಯಾರೋ ಕೂತು ಮಾತಾಡಿದ್ದಾರೆ ಅಂತ ತಾನೇ? ನನಗೆ ಹಿಡಿಸಿದ್ದು ಅವರ ಇನ್ನೊಂದು ಮಾತು. ನಾವು ಮೇಲೆ ಬಂದೆವು, ಬಿದ್ದೆವು, ಮತ್ತೆ ಎದ್ದೆವು ಅಂತ ಹೇಳುವ ಕತೆಯೇ ಮಕ್ಕಳಿಗೆ ಹೆಚ್ಚು ಆಸರೆ ಅನ್ನುತ್ತಾರೆ ಅವರು. ಬರೀ ಹೊಗಳಿಕೆಯಲ್ಲಿ ಬೀಳುವ ಭಾಗವೇ ಇರುವುದಿಲ್ಲ.

ನಾವು ಬರೆಯದಿದ್ದರೆ ಯಾರು ಬರೆಯುತ್ತಾರೆ? ನ್ಯೂಯಾರ್ಕ್ ಟೈಮ್ಸ್ 1851ರಿಂದ ನಿಧನ ವಾರ್ತೆ ಬರೆಯುತ್ತಿದೆ. 2018ರ ಮಾರ್ಚ್‌ನಲ್ಲಿ ಅದು, ಇಷ್ಟು ಕಾಲ ಬರೆದದ್ದು ಹೆಚ್ಚಾಗಿ ಬಿಳಿಯ ಗಂಡಸರ ಬಗ್ಗೆಯೇ ಅಂತ ಒಪ್ಪಿಕೊಂಡು, ಬಿಟ್ಟುಹೋದವರ ಬಗ್ಗೆ ಬರೆಯಲು ಶುರು ಮಾಡಿತು. ಆ ಮೊದಲ ಪಟ್ಟಿಯಲ್ಲಿ ಕಾದಂಬರಿಕಾರ್ತಿ ಶಾರ್ಲೆಟ್ ಬ್ರಾಂಟಿ ಇದ್ದಳು, ನಟಿ ಮಧುಬಾಲಾ ಇದ್ದಳು. ಅಂಥವರನ್ನೇ ಬಿಟ್ಟ ಮೇಲೆ ಮನೆಯಲ್ಲಿ ಜ್ವರದ ಲೆಕ್ಕ ಬರೆದವಳು ಯಾರ ಕಣ್ಣಿಗೆ ಬೀಳಬೇಕು?

ಹಾಗಾಗಿ ಗ್ರೂಪಿನಲ್ಲಿ ಕೇಳಿದೆ. ಅವಳು ಒಳ್ಳೆಯವಳು ಅಂತ ಎಲ್ಲರಿಗೂ ಗೊತ್ತು, ಅವಳು ಮಾಡಿದ್ದು, ಆಡಿದ್ದು ಏನಾದರೂ ಒಂದು ಕಳಿಸಿ ಅಂತ. ಎರಡು ದಿನ ಸದ್ದೇ ಇಲ್ಲ. ಆಮೇಲೆ ಚಿಕ್ಕಮ್ಮ ಫೋನ್ ಮಾಡಿದರು. ಅಮ್ಮನಿಗೂ ಅವರಿಗೂ ಒಮ್ಮೆ ಜೋರು ಜಗಳವಾಗಿ ಬಹಳ ಕಾಲ ಮಾತು ಬಿಟ್ಟಿದ್ದರು. "ತಪ್ಪು ನಿಮ್ಮಮ್ಮಂದೇ. ಅದನ್ನೂ ಬರಿ" ಅಂತಲೇ ಶುರು ಮಾಡಿದರು. ಶುರುವಾದ ಮಾತು ಎಲ್ಲೆಲ್ಲೋ ಹೋಯಿತು. ಹದಿನೆಂಟರ ಹುಡುಗಿಯಾಗಿ ಅಮ್ಮ ಕೇರಂ ಆಡುವಾಗ ಸೋಲು ಹತ್ತಿರ ಬಂದರೆ ಬೋರ್ಡನ್ನೇ ಅಲುಗಾಡಿಸಿಬಿಡುತ್ತಿದ್ದಳಂತೆ. ಕೇಳಿದರೆ, ಮಂಡಿ ತಾಗಿತು ಅನ್ನುತ್ತಿದ್ದಳಂತೆ.

ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳು ಧಡಕ್ಕನೆ ಎದ್ದು ನಿಂತಳು. "ಅತ್ತೆ, ನಮಗೂ ಹಾಗೇ ಹೇಳೋರು! ಮಂಡಿ ನೋವು ಪುಟ್ಟಿ, ತಾಗಿಬಿಡ್ತು ಅಂತ. ಪಾಪ ಅಂತ ಪ್ರತಿ ಸಲ ನಾನೇ ಬಿಟ್ಟುಕೊಡ್ತಿದ್ದೆ!"