ತಪ್ಪು ಉತ್ತರದ ಹಿಂದೆಯೂ ಲೆಕ್ಕವಿದೆ

ಪಾಠಗಳನ್ನು ಬೇಗ ಮುಗಿಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆಸುವ ಶಾಲಾ ಪದ್ಧತಿಯನ್ನು ಮಾದರಿ ಎಂದು ಹೊಗಳಿದ ಲೇಖನವೊಂದನ್ನು ಓದಿದೆ. ಪರೀಕ್ಷೆಯ ಫಲಿತಾಂಶ ನೂರಕ್ಕೆ ನೂರು ಬಂದರೆ ಬೋಧನೆ ಚೆನ್ನಾಗಿದೆ ಎಂದರ್ಥ ಎಂಬ ಅದರ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಕಲಿಸುತ್ತೇನೆ. 52ರಲ್ಲಿ 27 ಕಳೆದರೆ 35 ಎಂದು ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಕೆಂಪು ಶಾಯಿಯಲ್ಲಿ ಗೀಟು ಎಳೆದು ಮುಂದೆ ಹೋಗುವುದು ಸುಲಭ. ಪಕ್ಕದಲ್ಲಿ ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು ಮಗು’ ಎಂದು ಕೇಳಿದರೆ ಮಾತ್ರ ವಿಷಯ ಹೊರಬರುತ್ತದೆ. 2ರಲ್ಲಿ 7 ಹೋಗುವುದಿಲ್ಲವೆಂದು ಮಗು 7ರಲ್ಲೇ 2 ಕಳೆದಿರುತ್ತದೆ. ಅದು ದಡ್ಡತನವಲ್ಲ, ದಶಕ ಬಿಡಿಸುವುದು, ಅಂದರೆ ಒಂದು ಹತ್ತನ್ನು ಹತ್ತು ಬಿಡಿಗಳಾಗಿ ಮಾಡಿಕೊಳ್ಳುವುದು ಗೊತ್ತಿಲ್ಲ, ಅಷ್ಟೇ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗಿತ್ತು ‘27 ತೆಗೆದುಕೊಡು’ ಎಂದರೆ ಸ್ವಲ್ಪ ಹೊತ್ತು ನೋಡಿ, ಒಂದು ಕಟ್ಟಿನ ದಾರವನ್ನು ತಾನೇ ಬಿಚ್ಚುತ್ತದೆ. ನನ್ನ ಮಟ್ಟಿಗೆ ಬೋಧನೆ ಎಂದರೆ ಆ ಕ್ಷಣ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ, ಶಿಕ್ಷಣತಜ್ಞ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸುವುದನ್ನು ಕಲಿಸಲೆಂದೇ ಬದುಕು ಸವೆಸಿದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ನಮ್ಮ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಅದರಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿವೆ. ವಿಜ್ಞಾನದಲ್ಲಿ ತೊಂಬತ್ತು ಅಂಕ ಪಡೆದ ಹುಡುಗಿ ಆ ಕಲೆ ಏಕೆ ಬಂತೆಂದು ಒಮ್ಮೆಯೂ ಕೇಳದಿದ್ದರೆ, ಅವಳ ಅಂಕಪಟ್ಟಿ ಹಿಡಿದು ಶಿಕ್ಷಕರಾದ ನಾವು ಹೆಮ್ಮೆಪಡುವುದು ಯಾವ ಮುಖದಿಂದ?

ಅಂಕ ಬೇಡವೆನ್ನುತ್ತಿಲ್ಲ. ಬಡವರ ಮಕ್ಕಳಿಗೆ ಮುಂದಿನ ಓದಿನ ಬಾಗಿಲು ತೆರೆಯುವುದು ಅದೇ. ಆದರೆ ಪಾಠಗಳನ್ನು ಓಡಿಸಿ ಮುಗಿಸಿ, ಉಳಿದ ತಿಂಗಳುಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರುಹೊಡೆಸುವ ಪದ್ಧತಿಯನ್ನು ಲೇಖಕರು ಮಾದರಿ ಎಂದು ಕರೆಯಬಾರದಿತ್ತು.