ಧಾರಣ ತಲಾವಿನ ಹೂಳಿಗೂ ಒಂದು ಕಟ್ಟಳೆ ಬೇಕು

ವಾಶಿ, ನೆರೂಲ್, ಬೇಲಾಪುರದಲ್ಲಿರುವ ಕನ್ನಡಿಗರಿಗೆ ಹೋಲ್ಡಿಂಗ್ ಪಾಂಡ್, ಅಂದರೆ ಧಾರಣ ತಲಾವು, ಹೊಸದಲ್ಲ. ವಾಶಿಯ ಮಿನಿ ಸೀಶೋರ್‌ಗೆ ಸಂಜೆ ವಾಕಿಂಗ್ ಹೋದವರು ನೋಡುವ ನೀರು ಅಂಥದ್ದೇ ಒಂದು ತಲಾವಿನದು. ನವಿಮುಂಬಯಿ ಕಟ್ಟುವಾಗ ಸರಕಾರದ ನಗರ ಯೋಜನಾ ಸಂಸ್ಥೆ ಸಿಡ್ಕೋ ಡಚ್ಚರ ಪದ್ಧತಿ ಹಿಡಿಯಿತು: ಖಾಡಿಯ (ಸಮುದ್ರದ ಕವಲಿನ) ಕಡೆಗೆ ಒಡ್ಡು, ಒಡ್ಡಿನಲ್ಲಿ ಫ್ಲ್ಯಾಪ್ ಗೇಟು, ಒಳಗೆ ತಲಾವು. ಉಬ್ಬರ ಬಂದಾಗ ಖಾಡಿಯ ನೀರೇ ಗೇಟನ್ನು ಒತ್ತಿ ಮುಚ್ಚುತ್ತದೆ. ಆ ಹೊತ್ತಿನಲ್ಲಿ ಬಿದ್ದ ಮಳೆ ತಲಾವಿನಲ್ಲಿ ನಿಂತಿದ್ದು, ಇಳಿತಕ್ಕೆ ಗೇಟು ತೆರೆದಾಗ ಹೊರಗೆ ಹೋಗಬೇಕು. ಆ ಕೆಲವು ತಾಸು ನೀರು ಹಿಡಿದಿಡುವುದೇ ತಲಾವಿನ ಕೆಲಸ. ಅಲ್ಲಿ ಹೂಳು ತುಂಬಿಕೊಂಡರೆ ನೀರು ಸೆಕ್ಟರಿನ ರಸ್ತೆಗೆ ಬರುತ್ತದೆ.

ಹೂಳು ಬರುವುದು ಎರಡು ಕಡೆಯಿಂದ. ಪಾರ್ಸಿಕ್ ಗುಡ್ಡದ ಇಳಿಜಾರು, ಕಟ್ಟಡದ ಸೈಟು, ರಸ್ತೆ – ಇವುಗಳ ಮಣ್ಣು ನಾಲಾದಿಂದ ಇಳಿಯುತ್ತದೆ. ಗೇಟಿನ ಕೆಳಗೆ ಒಂದು ಹಲಗೆಯೋ ಪ್ಲಾಸ್ಟಿಕ್ ಗಂಟೋ ಸಿಕ್ಕಿಕೊಂಡರೆ, ದಿನಕ್ಕೆರಡು ಸಲ ಉಬ್ಬರದ ಜೊತೆ ಖಾಡಿಯ ನುಣ್ಣನೆಯ ಕೆಸರು ಒಳಗೆ ನುಗ್ಗುತ್ತದೆ. ಗೇಟು ಸರಿಮಾಡದೆ ಹೂಳು ಎತ್ತಿದರೆ ದುಡ್ಡು ಖಾಡಿಗೆ ಹಾಕಿದ ಹಾಗೆ.

ಹೂಳು ಎತ್ತಿ ಎಂದು ಎಲ್ಲರೂ ಕೇಳುತ್ತೇವೆ. ಎತ್ತಿದ್ದು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಅಗೆಯುವ ಯಂತ್ರ ಪೊಕ್ಲೇನ್ ತಲಾವಿಗೆ ಇಳಿಯುವ ಮೊದಲೇ ಆ ಹೂಳಿನ ಪರೀಕ್ಷೆ ಮುಗಿದಿರಬೇಕು, ಅದು ಹೋಗುವ ಜಾಗ ಕಾಗದದ ಮೇಲೆ ಬಂದಿರಬೇಕು. ಇವೆರಡೂ ಇಲ್ಲದ ಟೆಂಡರು ಒಂದು ಕಡೆಯ ಹೂಳನ್ನು ಇನ್ನೊಂದು ಕಡೆಯ ತಗ್ಗಿಗೋ ಖಾಡಿಯ ಅಂಚಿಗೋ ಸಾಗಿಸುತ್ತದೆ, ಅಷ್ಟೇ.

ಈ ಕೆಸರನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಈಗಷ್ಟೇ ಎತ್ತಿದ ಮುದ್ದೆ ಕಪ್ಪಗೆ, ಗ್ರೀಸಿನ ಹಾಗೆ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಎರಡು ದಿನ ಬಿಸಿಲಿಗೆ ಹಾಕಿದರೆ ಮೇಲಿನ ಪದರ ಕಂದಾಗಿ ಬಿರುಕು ಬಿಡುತ್ತದೆ, ಒಡೆದು ನೋಡಿದರೆ ಒಳಗೆ ಇನ್ನೂ ಕಪ್ಪೇ. ಪೂರ್ತಿ ಒಣಗಿದ ಮೇಲೆ ಬಿರುಕಿನ ಅಂಚಿನಲ್ಲಿ ಬಿಳಿ ಉಪ್ಪು ಕಾಣುತ್ತದೆ. ನೀರಿನಡಿ ಗಾಳಿಯಿಲ್ಲದೆ ಇದ್ದಾಗ ಲೋಹಗಳು ಗಂಧಕದ ಜೊತೆ ಕಟ್ಟಿಕೊಂಡಿರುತ್ತವೆ. ಗಾಳಿ ತಗುಲಿದ ಮೇಲೆ ಆ ಕಟ್ಟು ಬಿಡುತ್ತದೆ, ಕೆಸರು ಹುಳಿಯಾಗುತ್ತದೆ, ಮೊದಲ ಮಳೆಗೆ ಲೋಹ ಹರಿದು ಹೋಗುತ್ತದೆ. ಹಸಿ ಕೆಸರನ್ನು ಮಾತ್ರ ಪರೀಕ್ಷಿಸಿದ ವರದಿ ಸಾಲದು ಎನ್ನುವುದು ಇದಕ್ಕೇ.

ಮಾದರಿ ತೆಗೆಯುವ ರೀತಿಯೂ ಮುಖ್ಯ. ಮೇಲಿನಿಂದ ಒಂದು ಬೊಗಸೆ ಕೆರೆದು ಲ್ಯಾಬಿಗೆ ಕಳಿಸಿದರೆ ಏನೂ ಗೊತ್ತಾಗುವುದಿಲ್ಲ. ಎಷ್ಟು ಆಳ ಅಗೆಯುತ್ತಾರೋ ಅಷ್ಟು ಆಳಕ್ಕೂ ಕೊಳವೆ ಇಳಿಸಿ ತೆಗೆಯಬೇಕು. ನಾಲಾ ಬಂದು ಸೇರುವಲ್ಲಿ, ನಡುವೆ, ಗೇಟಿನ ಹತ್ತಿರ – ಮೂರನ್ನೂ ಬೇರೆ ಬೇರೆ ಇಡಬೇಕು. ಮರಳು, ಜಲ್ಲಿ ನಾಲಾದ ಬಾಯಲ್ಲೇ ಕೂರುತ್ತವೆ. ಟಯರಿನ ಸತು, ಬ್ರೇಕಿನ ತಾಮ್ರ, ಎಣ್ಣೆಯ ಅಂಶ ಅಂಟಿಕೊಳ್ಳುವುದು 63 ಮೈಕ್ರಾನ್‌ಗಿಂತ ನುಣ್ಣನೆಯ ಕಣಕ್ಕೆ, ಅದು ದೂರಕ್ಕೆ ಹೋಗಿ ಕೂರುತ್ತದೆ. ಮೂರನ್ನೂ ಕಲಸಿ ಒಂದೇ ಮಾದರಿ ಮಾಡಿದರೆ ಬಳಸಬಹುದಾದ ಮರಳೂ ಹಾಳು, ಕೆಟ್ಟ ಕೆಸರೂ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ.

ಲೋಹಗಳಿಗೆ ಮಿತಿ ಯಾವುದು? ಘನತ್ಯಾಜ್ಯ ನಿಯಮ 2016ರಲ್ಲಿ ಕಾಂಪೋಸ್ಟ್‌ಗೆ ಕಿಲೋಗೆ ಸೀಸ 100, ಸತು 1000, ಕ್ಯಾಡ್ಮಿಯಂ 5, ಕ್ರೋಮಿಯಂ 50 ಮಿಲಿಗ್ರಾಂ ಎಂದಿತ್ತು. ಅದನ್ನೇ ತಂದು ಹೂಳಿಗೆ ಹಚ್ಚಿದರೆ ಕೆಲಸ ಕೆಡುತ್ತದೆ. ಇದು ದಖ್ಖನಿನ ಕಪ್ಪುಕಲ್ಲಿನ ನಾಡು. ಇಲ್ಲಿನ ಶುದ್ಧ ಮಣ್ಣಿನಲ್ಲೇ ಕ್ರೋಮಿಯಂ, ನಿಕ್ಕಲ್ ಹೆಚ್ಚು. ಗುಡ್ಡದ ಮೇಲಿನ ಮಣ್ಣನ್ನೂ ಪರೀಕ್ಷಿಸಿ, ಅದರೊಡನೆ ಹೋಲಿಸಿ ಮಿತಿ ಹಾಕುವುದು ಸರಿ. ಜೊತೆಗೆ ನೀರಿಗೆ ಎಷ್ಟು ಲೋಹ ಇಳಿಯುತ್ತದೆ ಎಂಬ ಪರೀಕ್ಷೆಯೂ ಕಡ್ಡಾಯವಾಗಬೇಕು.

ಊರಿನ ಕೆರೆಯ ಗೋಡು ಹೊಲಕ್ಕೆ ಹೊಡೆದು ಬೆಳೆ ತೆಗೆದವರು ನಾವು. ಮಹಾರಾಷ್ಟ್ರ ಸರಕಾರವೂ 2017ರಲ್ಲಿ 'ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ' (ಹೂಳಿಲ್ಲದ ಅಣೆಕಟ್ಟು, ಹೂಳು ತುಂಬಿದ ಹೊಲ) ಯೋಜನೆ ತಂದು ಜಲಾಶಯದ ಹೂಳನ್ನು ಹೊಲಗಳಿಗೆ ಕಳಿಸಿತು. ಒಳ್ಳೆಯ ಕೆಲಸವೇ. ಆದರೆ ಅದೇ ನೆನಪಿನಲ್ಲಿ ಧಾರಣ ತಲಾವಿನ ಕೆಸರನ್ನು ಹೊಲಕ್ಕೆ, ಸೊಸೈಟಿಯ ಗಾರ್ಡನ್ನಿಗೆ ಹಾಕಬೇಡಿ. ಮಣ್ಣಿನ ಉಪ್ಪಿನ ಅಳತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಹೆಚ್ಚಿನ ಬೆಳೆ ಸೊರಗುತ್ತದೆ. ಉಪ್ಪು ಕೆಸರಿನ ಇಟ್ಟಿಗೆ ಬಿಳಿ ಪುಡಿ ಉದುರಿಸುತ್ತದೆ, ಕಾಂಕ್ರೀಟಿಗೆ ಬೆರೆಸಿದರೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ. ನಾಲಾದ ಬಾಯಿನ ಮರಳನ್ನು ಜರಡಿ ಹಿಡಿದು, ತೊಳೆದು ಪೈಪಿನಡಿಗೆ ಹಾಸಬಹುದು. ಪರೀಕ್ಷೆ ದಾಟಿದ ಕೆಸರು ತಲಾವಿನ ಸ್ವಂತ ಒಡ್ಡಿಗೆ, ಡಂಪಿಂಗ್ ಗ್ರೌಂಡಿನ ಹೊದಿಕೆಗೆ ಆದೀತು.

ದುಡ್ಡಿನ ಲೆಕ್ಕಕ್ಕೆ ಬರೋಣ. ಒಂದು ಹೆಕ್ಟೇರ್ ತಲಾವು, ಅರ್ಧ ಮೀಟರ್ ಹೂಳು: 5,000 ಘನ ಮೀಟರ್. ಹಸಿಯಾಗಿ ಘನ ಮೀಟರಿಗೆ 1.4 ಟನ್ ಹಿಡಿದರೆ 7,000 ಟನ್, ಅಂದರೆ 10 ಟನ್ನಿನ ಡಂಪರ್ 700 ಖೇಪು. ಅದರಲ್ಲಿ ಗಟ್ಟಿ ಮಣ್ಣು ಸುಮಾರು 3,200 ಟನ್ ಮಾತ್ರ, ಉಳಿದದ್ದು ನೀರು. ಕಾಲುಭಾಗ ನೀರು ಉಳಿಯುವ ತನಕ ಒಣಗಿಸಿದರೆ 430 ಖೇಪಿಗೆ ಮುಗಿಯುತ್ತದೆ. ಟನ್ನಿನ ಲೆಕ್ಕದಲ್ಲಿ ಬಿಲ್ಲು ಕೊಟ್ಟರೆ ಕಾಂಟ್ರಾಕ್ಟರನಿಗೆ ಒಣಗಿಸುವ ಅಗತ್ಯವೇ ಇಲ್ಲ. ನೀರಿಗೂ ದರ ಸಿಗುತ್ತದೆ, ದಾರಿಯುದ್ದಕ್ಕೂ ಕೆಸರು ಸೋರುತ್ತದೆ. ಕೆಲಸಕ್ಕೆ ಮೊದಲು ಮತ್ತು ನಂತರ ತಲಾವಿನ ತಳದ ಸರ್ವೆ ಮಾಡಿ, ಎಷ್ಟು ಘನ ಮೀಟರ್ ಜಾಗ ಖಾಲಿಯಾಯಿತೋ ಅಷ್ಟಕ್ಕೇ ಬಿಲ್ಲು ಕೊಡಬೇಕು. ಮೂಲ ತಳಕ್ಕಿಂತ ಕೆಳಗೆ ಅಗೆದದ್ದಕ್ಕೆ ಕಾಸಿಲ್ಲ ಎಂದೂ ಬರೆದಿರಬೇಕು. ಹೆಚ್ಚು ಅಗೆದರೆ ಒಡ್ಡಿನ ಬುಡವೇ ಜಾರುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪ್ರಶ್ನೆ ಬೇರೆ. ತಲಾವಿನೊಳಗೆ ಅವು ಬೆಳೆದಿವೆ. 2018ರ ಮುಂಬಯಿ ಹೈಕೋರ್ಟ್ ತೀರ್ಪಿನ ಪ್ರಕಾರ ಸಾರ್ವಜನಿಕ ಕೆಲಸಕ್ಕಾಗಿ ಕಡಿಯಬೇಕಾದರೂ ಕೋರ್ಟಿನ ಅನುಮತಿ ಬೇಕು. ಅದು ಸರಿಯಾದ ತೀರ್ಪು, ಆ ನಿರ್ಬಂಧವನ್ನು ಸಡಿಲಿಸುವುದು ಬೇಡ. ನಾಲಾದ ಬಾಯಿಂದ ಗೇಟಿನ ತನಕ ಒಂದು ಕಾಲುವೆಯಷ್ಟು ಅಗಲ ಮಾತ್ರ ಗುರುತು ಮಾಡಿ, ಉಳಿದ ಗಿಡ ಮುಟ್ಟುವುದಿಲ್ಲವೆಂದು ನಕ್ಷೆ ಸಮೇತ ಅರ್ಜಿ ಹಾಕಬಹುದು.

ಈ ಅರ್ಜಿ, ಪರೀಕ್ಷೆ, ಸರ್ವೆ ಎಲ್ಲ ಮಳೆ ನಿಂತ ಕೂಡಲೇ ಶುರುವಾಗಬೇಕು. ಡಿಸೆಂಬರಿಗೆ ಯಂತ್ರ ಇಳಿದರೆ ಫೆಬ್ರವರಿಯಿಂದ ಮೇ ತನಕದ ಬಿಸಿಲು ಒಣಗಿಸುವುದಕ್ಕೆ ಸಿಗುತ್ತದೆ. ಏಪ್ರಿಲ್ ಕೊನೆಗೆ ಟೆಂಡರ್ ತೆರೆದರೆ ಜೂನ್ ಮೊದಲ ಮಳೆಗೆ ದಡದ ರಾಶಿ ಕರಗಿ ವಾಪಸ್ ಅದೇ ತಲಾವಿಗೆ ಇಳಿಯುತ್ತದೆ. ನಿಮ್ಮ ವಾರ್ಡಿನ ತಲಾವಿಗೆ ತಳದ ಸರ್ವೆ ಆಗಿದೆಯೇ ಎಂದು ಈ ಅಕ್ಟೋಬರಿನಲ್ಲೇ ಪಾಲಿಕೆಗೆ ಬರೆದು ಕೇಳಿ.